ದೋಷವೃಕ್ಷದ ಗಣಿತವೂ ದುಡಿಯುವವರ ಜೀವವೂ

(ನಮ್ಮ ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಾರಖಾನೆಯಲ್ಲಿ ಅಪಘಾತವಾದೊಡನೆ ಮೊದಲು ಕೇಳಿಬರುವ ಪ್ರಶ್ನೆ ಯಾವುದೆಂಬುದು ನಮಗೆಲ್ಲ ಗೊತ್ತೇ ಇದೆ. "ಆ ಹೊತ್ತಿನಲ್ಲಿ ಪಾಳಿಯ ಮೇಲೆ ಯಾರಿದ್ದರು?" ಎಂಬುದೇ ಆ ಪ್ರಶ್ನೆ. ಹೆಸರು ಸಿಕ್ಕಿತೆಂದರೆ ಅರ್ಧ ವಿಚಾರಣೆ ಮುಗಿದಂತೆಯೇ. ಕೊನೆಗೆ ವರದಿಯಲ್ಲಿ "ಕಾರ್ಮಿಕನ ಅಜಾಗರೂಕತೆ" ಎಂಬ ಎರಡು ಶಬ್ದಗಳು ಬೀಳುತ್ತವೆ. ಸತ್ತವನು ಎದ್ದು ಬಂದು ಉತ್ತರ ಕೊಡಲಾರ. ಬದುಕಿದವನ ಮಾತಿಗೆ ಬೆಲೆಯಿರುವುದಿಲ್ಲ. ಹೀಗಿರುವಾಗ ಒಂದು ಅಪಘಾತವು ನಿಜವಾಗಿ ಎಷ್ಟು ಕಾರಣಗಳು ಕೂಡಿ ಆಯಿತು, ಅವುಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದನ್ನು ಕಾಗದದ ಮೇಲೆ ಬರೆದು, ಲೆಕ್ಕ ಹಾಕಿ ತೋರಿಸುವ ವಿದ್ಯೆಯೊಂದು ಇದೆಯೆಂದರೆ, ಅದು ದುಡಿಯುವವರಾದ ನಮಗೆ ಬೇಡವಾದೀತೇ? ಅದನ್ನು ಇಂಗ್ಲಿಷಿನಲ್ಲಿ 'ಫಾಲ್ಟ್ ಟ್ರೀ ಅನಾಲಿಸಿಸ್' ಎಂದು ಕರೆಯುತ್ತಾರೆ. ನಾವು 'ದೋಷವೃಕ್ಷ' ಎನ್ನೋಣ.

ಗಣಿತವೆಂದೊಡನೆ ಯಾರೂ ಅಂಜಬೇಕಾಗಿಲ್ಲ. ರಾತ್ರಿಶಾಲೆಯಲ್ಲಿ ಕಲಿತ ಕೂಡಿಸುವ, ಗುಣಿಸುವ ಲೆಕ್ಕ ಬಂದರೆ ಇಂದಿನ ಮಾತೆಲ್ಲ ತಿಳಿಯುತ್ತದೆ.

ಹುಟ್ಟಿದ್ದು ಎಲ್ಲಿ?

ಈ ವಿದ್ಯೆ ಹುಟ್ಟಿದ್ದು ೧೯೬೨ರ ಸುಮಾರಿಗೆ, ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ. ಆಗ ಆ ದೇಶದ ವಾಯುಸೇನೆಯು 'ಮಿನಿಟ್‌ಮನ್' ಎಂಬ ಅಣ್ವಸ್ತ್ರ ಹೊತ್ತ ಕ್ಷಿಪಣಿಗಳನ್ನು ನೆಲದೊಳಗಿನ ಬಾವಿಗಳಲ್ಲಿ ಸಜ್ಜುಗೊಳಿಸುತ್ತಿತ್ತು. ಯಾರ ಅಪ್ಪಣೆಯೂ ಇಲ್ಲದೆ, ತಂತಿಯೊಂದು ಕೆಟ್ಟು, ಸ್ವಿಚ್ಚೊಂದು ಅಂಟಿಕೊಂಡು ಕ್ಷಿಪಣಿ ತಾನಾಗಿಯೇ ಹಾರಿಬಿಟ್ಟರೆ ಗತಿಯೇನು? ಈ ಭಯಕ್ಕೆ ಉತ್ತರ ಹುಡುಕಲು ಎಚ್. ಎ. ವಾಟ್ಸನ್ ಎಂಬವರು ದೋಷವೃಕ್ಷವನ್ನು ಕಲ್ಪಿಸಿದರು. ಬೋಯಿಂಗ್ ಕಂಪನಿಯವರು ಅದನ್ನು ಬೆಳೆಸಿದರು. ೧೯೬೫ರಲ್ಲಿ ಸಿಯಾಟಲ್ ನಗರದ ಸಮ್ಮೇಲನವೊಂದರಲ್ಲಿ ಅದು ಹೊರಲೋಕಕ್ಕೆ ಪರಿಚಯವಾಯಿತು. ೧೯೬೭ರ ಜನವರಿಯಲ್ಲಿ ಅಪೋಲೊ ನೌಕೆಯೊಳಗೆ ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ಸತ್ತ ಮೇಲೆ ಅಮೆರಿಕದ ಅಂತರಿಕ್ಷ ಸಂಸ್ಥೆಯೂ ಅದನ್ನು ಕೈಗೆತ್ತಿಕೊಂಡಿತು. ೧೯೭೫ರಲ್ಲಿ ಪ್ರೊಫೆಸರ್ ರಾಸ್ಮುಸೆನ್ ಅವರ ಮುಂದಾಳುತನದಲ್ಲಿ ಹೊರಬಂದ ವರದಿಯು ಅಣುವಿದ್ಯುತ್ ಸ್ಥಾವರಗಳಿಗೆ ಇದನ್ನೇ ಅನ್ವಯಿಸಿತು. ಸಂಹಾರದ ಆಯುಧಕ್ಕಾಗಿ ಹುಟ್ಟಿದ ವಿದ್ಯೆ ಹೀಗೆ ಜೀವ ಕಾಯುವ ಕೆಲಸಕ್ಕೆ ಬಂದಿತು.

ಆದರೆ ಇದರ ಬೇರು ಇನ್ನೂ ನೂರು ವರ್ಷ ಹಿಂದಿನದು. ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿ ೧೮೧೫ರಲ್ಲಿ ಜೋಡು ಹೊಲಿಯುವವನೊಬ್ಬನ ಮಗನಾಗಿ ಜಾರ್ಜ್ ಬೂಲ್ ಹುಟ್ಟಿದರು. ಮನೆಯ ಬಡತನದಿಂದ ಹದಿನಾರನೆಯ ವಯಸ್ಸಿಗೇ ಶಾಲಾಮಾಸ್ತರಿಕೆಗೆ ನಿಲ್ಲಬೇಕಾಯಿತು. ದೊಡ್ಡ ಗಣಿತವನ್ನು ತಾವಾಗಿಯೇ ಓದಿ ಕಲಿತು, ೧೮೪೯ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿಗೆ ಗಣಿತದ ಪ್ರಾಧ್ಯಾಪಕರಾದರು. ೧೮೫೪ರಲ್ಲಿ ಅವರು ಬರೆದ ಗ್ರಂಥವು 'ನಿಜ', 'ಸುಳ್ಳು', 'ಮತ್ತು', 'ಅಥವಾ' ಎಂಬ ದಿನಬಳಕೆಯ ಮಾತುಗಳಿಗೇ ಬೀಜಗಣಿತವನ್ನು ಕಟ್ಟಿಕೊಟ್ಟಿತು. ೧೯೩೭ರಲ್ಲಿ ಕ್ಲಾಡ್ ಶ್ಯಾನನ್ ಎಂಬ ತರುಣರು ವಿದ್ಯುತ್ ಸ್ವಿಚ್ಚುಗಳಿಗೂ ಇದೇ ಬೀಜಗಣಿತ ಹೊಂದುತ್ತದೆಂದು ತೋರಿಸಿದರು. ದೋಷವೃಕ್ಷವು ನಿಂತಿರುವುದು ಈ ಬುನಾದಿಯ ಮೇಲೆ. ರಾತ್ರಿಶಾಲೆಯ ನಮ್ಮ ವಿದ್ಯಾರ್ಥಿಗಳು ಆ ಚಮ್ಮಾರನ ಮಗನನ್ನು ನೆನಪಿನಲ್ಲಿಡಬೇಕು.

ಮರವನ್ನು ಬರೆಯುವ ಬಗೆ

ಬೇರು ಮೇಲಾಗಿ, ಕೊಂಬೆ ಕೆಳಗಾದ ಅಶ್ವತ್ಥದ ಮಾತನ್ನು ನೀವು ಪುರಾಣಪ್ರವಚನಗಳಲ್ಲಿ ಕೇಳಿರಬಹುದು. ದೋಷವೃಕ್ಷವೂ ಅಂಥದೇ. ಯಾವ ಅನಾಹುತ ಆಗಬಾರದೋ ಅದನ್ನು ಕಾಗದದ ತಲೆಯಲ್ಲಿ ಬರೆಯಬೇಕು. ಆಮೇಲೆ "ಇದು ಆಗಬೇಕಾದರೆ ಏನೇನು ಆಗಬೇಕು?" ಎಂದು ಕೇಳುತ್ತ ಕೆಳಗಿಳಿಯಬೇಕು. ಕೊನೆಗೆ ಇನ್ನು ಒಡೆಯಲು ಬಾರದ ಸಣ್ಣ ಸಣ್ಣ ದೋಷಗಳು ಸಿಗುತ್ತವೆ. ಅವೇ ಎಲೆಗಳು.

ನಡುವೆ ಎರಡು ಬಗೆಯ ಬಾಗಿಲುಗಳಿವೆ. ಒಂದು 'ಮತ್ತು' ಬಾಗಿಲು. ಲಿಫ್ಟಿನ ತೊಟ್ಟಿಲು ಕೆಳಗೆ ಬೀಳಬೇಕಾದರೆ ಹಗ್ಗಗಳು ಹರಿಯಬೇಕು, ಮತ್ತು ಹಳಿಯನ್ನು ಕಚ್ಚಿ ಹಿಡಿಯುವ ಬ್ರೇಕು ಕೆಲಸ ಮಾಡದಿರಬೇಕು. ಎರಡೂ ಕೂಡಿದರೆ ಮಾತ್ರ ಅನಾಹುತ. ಇನ್ನೊಂದು 'ಅಥವಾ' ಬಾಗಿಲು. ಪಂಪು ನಿಲ್ಲಬೇಕಾದರೆ ಕರೆಂಟು ಹೋಗಬೇಕು, ಅಥವಾ ಪಂಪೇ ಕೆಡಬೇಕು. ಯಾವುದೊಂದಾದರೂ ಸಾಕು.

ಇನ್ನು ಲೆಕ್ಕ. ಕರೆಂಟಿನ ಮೇನ್ ಸ್ವಿಚ್ಚು ನೂರು ದಿನಕ್ಕೊಮ್ಮೆ ಕೈಕೊಡುತ್ತದೆಂದೂ, ಪಂಪೂ ನೂರು ದಿನಕ್ಕೊಮ್ಮೆ ಕೆಡುತ್ತದೆಂದೂ ಲೆಕ್ಕಕ್ಕಾಗಿ ಹಿಡಿಯೋಣ. ಒಂದಕ್ಕೊಂದು ಸಂಬಂಧವಿಲ್ಲ ಎನ್ನೋಣ. ಹತ್ತು ಸಾವಿರ ದಿನಗಳಲ್ಲಿ ಸ್ವಿಚ್ಚು ಕೆಟ್ಟ ದಿನ ೧೦೦, ಪಂಪು ಕೆಟ್ಟ ದಿನ ೧೦೦. ಎರಡೂ ಒಂದೇ ದಿನ ಕೆಡುವುದು ಆ ನೂರರಲ್ಲಿ ನೂರನೆಯ ಒಂದು ಪಾಲು, ಅಂದರೆ ಒಂದೇ ದಿನ. ಆದ್ದರಿಂದ 'ಮತ್ತು' ಬಾಗಿಲಿನಲ್ಲಿ ಸಂಭವನೀಯತೆಗಳನ್ನು ಗುಣಿಸಬೇಕು: ೦.೦೧ × ೦.೦೧ = ೦.೦೦೦೧. 'ಅಥವಾ' ಬಾಗಿಲಿನಲ್ಲಿ ಕೂಡಿಸಬೇಕು. ಆದರೆ ಎರಡೂ ಕೆಟ್ಟ ಆ ಒಂದು ದಿನ ಎರಡು ಸಲ ಎಣಿಕೆಗೆ ಬಂದಿರುವುದರಿಂದ ಅದನ್ನು ಒಮ್ಮೆ ಕಳೆಯಬೇಕು. ೧೦೦ + ೧೦೦ − ೧ = ೧೯೯ ದಿನ. ಅಂದರೆ ೦.೦೧೯೯. ಇಷ್ಟೇ ಮೂಲಸೂತ್ರ.

ಎರಡು ಪಂಪು, ಒಂದು ತಂತಿ

ಈಗ ನಮ್ಮ ನಗರದ ಎತ್ತರದ ಕಟ್ಟಡವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಬೆಂಕಿ ಆರಿಸಲು ಎರಡು ಪಂಪುಗಳಿವೆ. ಒಂದು ಕೆಟ್ಟರೆ ಇನ್ನೊಂದು ಇದೆಯೆಂದು ಎಲ್ಲರಿಗೂ ನೆಮ್ಮದಿ. ಆದರೆ ಎರಡಕ್ಕೂ ಕರೆಂಟು ಬರುವುದು ಒಂದೇ ಮೇನ್ ಸ್ವಿಚ್ಚಿನಿಂದ. ಸ್ವಿಚ್ಚು ಕೆಡುವುದನ್ನು 'ಕ' ಎನ್ನೋಣ, ಮೊದಲನೆಯ ಪಂಪು ಕೆಡುವುದನ್ನು 'ಖ', ಎರಡನೆಯದು ಕೆಡುವುದನ್ನು 'ಗ'. ಮೊದಲನೆಯ ಸಾಲು ನಿಲ್ಲುವುದು ಕ ಅಥವಾ ಖ ಆದಾಗ. ಎರಡನೆಯ ಸಾಲು ನಿಲ್ಲುವುದು ಕ ಅಥವಾ ಗ ಆದಾಗ. ನೀರೇ ಬರದಿರಬೇಕಾದರೆ ಎರಡೂ ನಿಲ್ಲಬೇಕು.

ಅವಸರದ ಲೆಕ್ಕಿಗ ಏನು ಮಾಡುತ್ತಾನೆ? ಪ್ರತಿ ಸಾಲಿಗೆ ೦.೦೧೯೯, ಎರಡನ್ನೂ ಗುಣಿಸಿದರೆ ೦.೦೦೦೩೯೬. ಹತ್ತು ಸಾವಿರ ದಿನಗಳಲ್ಲಿ ನಾಲ್ಕು ದಿನ ಮಾತ್ರ! ಬಹಳ ಸುರಕ್ಷಿತವೆಂದು ಸಹಿ ಹಾಕಿಬಿಡುತ್ತಾನೆ.

ಬೂಲರ ಬೀಜಗಣಿತದಿಂದ ನೋಡಿರಿ. 'ಅಥವಾ'ಕ್ಕೆ ಕೂಡಿಸುವ ಗುರುತು, 'ಮತ್ತು'ಗೆ ಗುಣಿಸುವ ಗುರುತು ಹಾಕಿದರೆ, ನಮ್ಮ ಮರವು (ಕ + ಖ) × (ಕ + ಗ) ಎಂದಾಗುತ್ತದೆ. ಬಿಡಿಸಿದರೆ ಕ×ಕ + ಕ×ಗ + ಖ×ಕ + ಖ×ಗ. ಇಲ್ಲಿಯೇ ಬೂಲರ ಹೊಸತನವಿರುವುದು. ಸಾಮಾನ್ಯ ಗಣಿತದಲ್ಲಿ ಕ×ಕ ಎಂದರೆ ಕ ವರ್ಗ. ಆದರೆ "ಸ್ವಿಚ್ಚು ಕೆಟ್ಟಿತು, ಮತ್ತು ಸ್ವಿಚ್ಚು ಕೆಟ್ಟಿತು" ಎಂದು ಎರಡು ಸಲ ಹೇಳಿದರೆ ಸ್ವಿಚ್ಚು ಎರಡು ಸಲ ಕೆಟ್ಟಂತಾಯಿತೇ? ಇಲ್ಲ. ಆದ್ದರಿಂದ ಕ×ಕ = ಕ. ಹಾಗೆಯೇ ಕ ಒಂದೇ ಸಾಕಾಗಿರುವಾಗ 'ಕ ಮತ್ತು ಗ' ಎಂಬುದು ಅದರ ಹೊಟ್ಟೆಯೊಳಗೇ ಅಡಗಿಹೋಗುತ್ತದೆ: ಕ + ಕ×ಗ = ಕ. ಕೊನೆಗೆ ಉಳಿಯುವುದು ಕ + ಖ×ಗ ಮಾತ್ರ.

ಅಂದರೆ ನೀರು ನಿಲ್ಲಲು ಎರಡೇ ದಾರಿ. ಸ್ವಿಚ್ಚೊಂದೇ ಕೆಡುವುದು, ಇಲ್ಲವೆ ಎರಡೂ ಪಂಪುಗಳು ಒಟ್ಟಿಗೆ ಕೆಡುವುದು. ಇನ್ನೂ ಚಿಕ್ಕದು ಮಾಡಲು ಬಾರದ ಇಂಥ ಗುಂಪುಗಳನ್ನು 'ಮಿನಿಮಲ್ ಕಟ್ ಸೆಟ್' ಎನ್ನುತ್ತಾರೆ. ನಾವು 'ಕಿರುಕೂಟ' ಎನ್ನೋಣ. ಈಗ ಲೆಕ್ಕ: ೦.೦೧ + ೦.೦೦೦೧ − ೦.೦೦೦೦೦೧ = ೦.೦೧೦೦೯೯. ಹತ್ತು ಸಾವಿರ ದಿನಗಳಲ್ಲಿ ೧೦೧ ದಿನ! ನಾಲ್ಕೆಲ್ಲಿ, ನೂರೊಂದೆಲ್ಲಿ? ಅವಸರದ ಲೆಕ್ಕವು ಅಪಾಯವನ್ನು ಇಪ್ಪತ್ತೈದು ಪಟ್ಟು ಕಡಿಮೆ ಮಾಡಿ ತೋರಿಸಿತ್ತು.

ಇಲ್ಲಿ ಮಾಲೀಕರು ಉದಾರಮನಸ್ಸಿನಿಂದ ಮೂರನೆಯ ಪಂಪನ್ನು ತಂದಿಟ್ಟರು ಎನ್ನಿ. ಪೂಜೆಯಾಯಿತು, ಪೇಢೆ ಹಂಚಿದ್ದಾಯಿತು. ಅಪಾಯ ಎಷ್ಟು ಇಳಿಯಿತು? ೧೦೧ ದಿನವಿದ್ದದ್ದು ೧೦೦ ಆಯಿತು. ಅದರ ಬದಲು ಎರಡನೆಯ ಪಂಪಿಗೆ ಬೇರೆ ಕಡೆಯಿಂದ ಬೇರೆ ತಂತಿ ಎಳೆದು, ಬೇರೆ ಸ್ವಿಚ್ಚು ಕೂಡಿಸಿದ್ದರೆ, ಆಗ ಅದು ನಿಜವಾಗಿ ನಾಲ್ಕಕ್ಕೆ ಇಳಿಯುತ್ತಿತ್ತು. ಹಣ ಎಲ್ಲಿ ಸುರಿಯಬೇಕೆಂಬುದನ್ನು ಗಣಿತವೇ ಹೇಳುತ್ತದೆ. ೧೯೬೯ರಲ್ಲಿ ಬರ್ನ್‌ಬಾಮ್ ಎಂಬ ಗಣಿತಜ್ಞರು ಪ್ರತಿಯೊಂದು ಭಾಗದ ಮಹತ್ವವನ್ನು ಅಳೆಯುವ ಕ್ರಮ ಕೊಟ್ಟರು. ಆ ಭಾಗ ಖಂಡಿತ ಕೆಟ್ಟಿದೆಯೆಂದು ಹಿಡಿದು ಒಮ್ಮೆ, ಖಂಡಿತ ಸರಿಯಿದೆಯೆಂದು ಹಿಡಿದು ಒಮ್ಮೆ ಅನಾಹುತದ ಸಂಭವನೀಯತೆಯನ್ನು ಲೆಕ್ಕಹಾಕಿ, ಒಂದರಲ್ಲಿ ಇನ್ನೊಂದನ್ನು ಕಳೆಯುವುದು. ನಮ್ಮ ಉದಾಹರಣೆಯಲ್ಲಿ ಸ್ವಿಚ್ಚಿಗೆ ೦.೯೯೯೯ ಬರುತ್ತದೆ, ಪಂಪಿಗೆ ೦.೦೦೯೯. ನೂರು ಪಟ್ಟಿನ ಅಂತರ.

ನಿಜವಾದ ಕಾರಖಾನೆಯ ಮರದಲ್ಲಿ ಸಾವಿರಾರು ಕಿರುಕೂಟಗಳಿರುತ್ತವೆ. ಒಂದನ್ನೊಂದು ಎರಡು ಸಲ ಎಣಿಸದಂತೆ ಕೂಡಿಸಿ ಕಳೆಯಹೋದರೆ, ಹತ್ತು ಕೂಟಗಳಿಗೆ ೧,೦೨೩ ಪದಗಳಾಗುತ್ತವೆ; ಇಪ್ಪತ್ತಕ್ಕೆ ಹತ್ತು ಲಕ್ಷ ಮೀರುತ್ತವೆ. ಆದ್ದರಿಂದ ಗಣಕಯಂತ್ರಗಳು ಈ ಕೆಲಸಕ್ಕೆ ಬಂದವು. ಕೈಲೆಕ್ಕಕ್ಕೂ ಬೂಲರೇ ಒಂದು ಸುಲಭೋಪಾಯ ಕೊಟ್ಟುಹೋಗಿದ್ದಾರೆ. ಕೂಟಗಳ ಸಂಭವನೀಯತೆಗಳನ್ನು ಸುಮ್ಮನೆ ಕೂಡಿಸಿಬಿಡಿ. ನಿಜವಾದ ಅಪಾಯ ಆ ಮೊತ್ತವನ್ನು ಎಂದಿಗೂ ಮೀರದು. ದೋಷಗಳು ವಿರಳವಾಗಿದ್ದರೆ ಮೊತ್ತವು ನಿಜಕ್ಕೆ ಬಹಳ ಸಮೀಪವಾಗಿಯೂ ಇರುತ್ತದೆ.

ತಪಾಸಣೆಯ ಲೆಕ್ಕ

ಬಂಧುಗಳೇ, ಸುರಕ್ಷತೆಯ ಸಾಧನಗಳಲ್ಲಿ ಬಹಳಷ್ಟು ಸುಮ್ಮನೆ ಕಾಯುತ್ತ ಕುಳಿತಿರುವಂಥವು. ಬಾಯ್ಲರಿನ ಸೇಫ್ಟಿ ವಾಲ್ವು ದಿನಾಲು ಕೆಲಸ ಮಾಡುವುದಿಲ್ಲ. ಅದು ಒಳಗೇ ಅಂಟಿಕೊಂಡು ಕೆಟ್ಟಿದ್ದರೂ ತಪಾಸಣೆಯ ದಿನದವರೆಗೆ ಯಾರಿಗೂ ಗೊತ್ತಾಗದು. ಸರಾಸರಿ ಹತ್ತು ವರ್ಷಕ್ಕೊಮ್ಮೆ ಅದು ಅಂಟಿಕೊಳ್ಳುತ್ತದೆನ್ನೋಣ. ತಿಂಗಳಿಗೊಮ್ಮೆ ತಪಾಸಣೆ ಮಾಡಿದರೆ ಒಂದು ತಿಂಗಳಲ್ಲಿ ಅಂಟಿಕೊಳ್ಳುವ ಸಂಭವ ೧೨೦ರಲ್ಲಿ ಒಂದು. ಅಂಟಿಕೊಂಡದ್ದು ಸರಾಸರಿ ಅರ್ಧ ತಿಂಗಳು ಗೊತ್ತಾಗದೆ ಉಳಿಯುತ್ತದೆ. ಆದ್ದರಿಂದ ಯಾವುದೋ ಗಳಿಗೆಯಲ್ಲಿ ಅದು ಬೇಕಾದಾಗ ಕೆಟ್ಟೇ ಇರುವ ಸಂಭವ ೨೪೦ರಲ್ಲಿ ಒಂದು. ತಪಾಸಣೆಯನ್ನು ವರ್ಷಕ್ಕೊಮ್ಮೆಗೆ ತಳ್ಳಿದರೆ? ಹೆಚ್ಚು ಕಡಿಮೆ ಇಪ್ಪತ್ತರಲ್ಲಿ ಒಂದು. ಹನ್ನೆರಡು ಪಟ್ಟು! ಅದೇ ವಾಲ್ವು, ಅದೇ ಬಾಯ್ಲರು, ಅದೇ ಕಾರ್ಮಿಕ. ಕಚೇರಿಯಲ್ಲಿ ಕುಳಿತು ತಪಾಸಣೆಯ ಖರ್ಚನ್ನು ಕಡಿದವರು ಒಂದೂ ನಟ್ಟನ್ನು ಮುಟ್ಟದೆ ಅಪಾಯವನ್ನು ಹನ್ನೆರಡು ಪಟ್ಟು ಮಾಡಿದರು. ವರದಿಯಲ್ಲಿ ಇದು ಬರುತ್ತದೆಯೇ?

ಗುಣಾಕಾರ ಸುಳ್ಳಾಗುವುದು ಯಾವಾಗ?

ಗುಣಿಸುವುದಕ್ಕೆ ಮೊದಲು ನಾವೊಂದು ಶರತ್ತು ಹಾಕಿದ್ದೆವು: ಒಂದಕ್ಕೊಂದು ಸಂಬಂಧವಿರಕೂಡದು. ಎರಡು ವಾಲ್ವುಗಳನ್ನೂ ಒಬ್ಬನೇ ಫಿಟ್ಟರ್ ಒಂದೇ ದಿನ, ಒಂದೇ ತಪ್ಪು ಮಾಪಕ ಹಿಡಿದು ಕೂಡಿಸಿದ್ದರೆ, ಎರಡಕ್ಕೂ ಒಂದೇ ಗಡಸುನೀರಿನ ಕಿಟ್ಟ ಹಿಡಿದಿದ್ದರೆ, ಅವು ಎರಡಾಗಿ ಕಂಡರೂ ಒಂದೇ. ಕೆಡುವ ನೂರು ಸಲದಲ್ಲಿ ಹತ್ತು ಸಲ ಇಂಥ ಸಮಾನ ಕಾರಣದಿಂದ ಎರಡೂ ಒಟ್ಟಿಗೆ ಕೆಟ್ಟರೂ ಸಾಕು, ಹತ್ತು ಸಾವಿರಕ್ಕೆ ಒಂದು ಎಂದುಕೊಂಡಿದ್ದ ಅಪಾಯ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ನೌಕೆ ಆಕಾಶದಲ್ಲಿ ಒಡೆದು ಏಳು ಜನರು ಸತ್ತರು. ರಾಕೆಟ್ಟಿನ ಕೀಲಿಗೆ ಒಂದರ ಹಿಂದೆ ಒಂದು ಎರಡು ರಬ್ಬರಿನ ಉಂಗುರಗಳಿದ್ದವು. ಒಂದು ಸೋತರೆ ಇನ್ನೊಂದು ಎಂಬ ಭರವಸೆ. ಆದರೆ ಅಂದಿನ ಮುಂಜಾವಿನ ಚಳಿ ಎರಡನ್ನೂ ಒಟ್ಟಿಗೇ ಗಡುಸಾಗಿಸಿತು. ಚಳಿಯ ವಿಷಯವಾಗಿ ಹಿಂದಿನ ರಾತ್ರಿ ಎಂಜಿನಿಯರರು ಎಚ್ಚರಿಸಿದ್ದರು, ಮೇಲಿನವರು ಕೇಳಲಿಲ್ಲ.

ಭೋಪಾಲ

ಅಷ್ಟು ದೂರ ಹೋಗುವುದೇಕೆ? ೧೯೮೪ರ ಡಿಸೆಂಬರ್ ೨ ಮತ್ತು ೩ರ ನಡುವಿನ ರಾತ್ರಿಯನ್ನು ನೆನೆಯೋಣ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆಯ ೬೧೦ನೆಯ ಟ್ಯಾಂಕಿನಲ್ಲಿ ಸುಮಾರು ೪೦ ಟನ್ನು ಮೀಥೈಲ್ ಐಸೊಸಯನೇಟ್ ಇತ್ತು. ಅದರೊಳಗೆ ನೀರು ಸೇರಿತು. ನೀರು ಹೇಗೆ ಸೇರಿತೆಂಬ ಬಗ್ಗೆ ಕಂಪನಿಯವರದು ಒಂದು ವಾದ, ಉಳಿದವರದು ಇನ್ನೊಂದು. ಆದರೆ ದೋಷವೃಕ್ಷದ ದೃಷ್ಟಿಯಿಂದ ಮುಖ್ಯ ಪ್ರಶ್ನೆ ಬೇರೆಯೇ. ನೀರು ಸೇರಿದರೂ ಊರು ಉಳಿಯಬೇಕೆಂದೇ ಕಾರಖಾನೆ ಕಟ್ಟುವಾಗ ಹಲವು ಕಾವಲುಗಳನ್ನು ಇಟ್ಟಿದ್ದರು. ಅವೆಲ್ಲ ಎಲ್ಲಿ ಹೋಗಿದ್ದವು?

ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದರು. ಹೊರಬರುವ ಅನಿಲವನ್ನು ಕ್ಷಾರದಿಂದ ತೊಳೆಯುವ ಗೋಪುರ ಚಾಲನೆಯಲ್ಲಿರಲಿಲ್ಲ. ಇದ್ದಿದ್ದರೂ ಅಷ್ಟು ಭರದಿಂದ ಬಂದ ಅನಿಲವನ್ನು ತೊಳೆಯುವ ಶಕ್ತಿ ಅದಕ್ಕಿರಲಿಲ್ಲ. ಉಳಿದ ಅನಿಲವನ್ನು ಸುಡುವ ಜ್ವಾಲಾಗೋಪುರದ ಕೊಳವೆಯ ತುಂಡನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ನೀರಿನ ಚಿಲುಮೆಗಳು ಅನಿಲ ಹೊರಬಿದ್ದ ಎತ್ತರವನ್ನು ಮುಟ್ಟಲಿಲ್ಲ. ಬರಿದಾಗಿರಬೇಕಾದ ಬದಲಿ ಟ್ಯಾಂಕು ಬರಿದಾಗಿರಲಿಲ್ಲ.

ಈಗ ಬೂಲರ ಲೆಕ್ಕಕ್ಕೆ ಬನ್ನಿ. ಐದು ಕಾವಲುಗಳೂ ತಪ್ಪುವುದೆಂದರೆ 'ಮತ್ತು' ಬಾಗಿಲು. ಪ್ರತಿಯೊಂದೂ ಹತ್ತರಲ್ಲಿ ಒಂದು ಸಲ ತಪ್ಪುತ್ತದೆಂದು ಹಿಡಿದರೂ ಐದೂ ಒಟ್ಟಿಗೆ ತಪ್ಪುವುದು ಲಕ್ಷದಲ್ಲಿ ಒಂದು ಸಲ. ಕಾಗದದ ಮೇಲೆ ಕಾರಖಾನೆ ಭದ್ರವಾಗಿಯೇ ಇತ್ತು. ಆದರೆ ನಿಲ್ಲಿಸಿಟ್ಟ ಯಂತ್ರ ತಪ್ಪುವ ಸಂಭವ ಹತ್ತರಲ್ಲಿ ಒಂದಲ್ಲ, ಹತ್ತರಲ್ಲಿ ಹತ್ತು. ಅಂದರೆ ಒಂದು. ಒಂದನ್ನು ಒಂದರಿಂದ ಎಷ್ಟು ಸಲ ಗುಣಿಸಿದರೂ ಒಂದೇ. ಆರು ಸದಸ್ಯರಿದ್ದ ಕಿರುಕೂಟದಲ್ಲಿ ಒಬ್ಬೊಬ್ಬರನ್ನೇ ಹೊರಗೆ ಕಳುಹಿಸಿ, ಕೊನೆಗೆ 'ನೀರು ಸೇರುವುದು' ಎಂಬ ಒಂದೇ ಎಲೆ ಉಳಿಯಿತು. ಆ ರಾತ್ರಿ ಊರಿನ ಪ್ರಾಣ ನಿಂತದ್ದು ಆ ಒಂದೇ ಎಲೆಯ ಮೇಲೆ. ಸರಕಾರದ ಮೊದಲ ಎಣಿಕೆಯಂತೆಯೇ ಸತ್ತವರು ೨,೨೫೯. ಮುಂದೆ ಸಾಯುತ್ತ ಹೋದವರು ಇನ್ನೂ ಸಾವಿರಾರು. ಕಾವಲುಗಳು ತಾವಾಗಿ ಬೇರೆ ಬೇರೆ ಕಾರಣದಿಂದ ಕೆಟ್ಟದ್ದೂ ಅಲ್ಲ. ನಷ್ಟದಲ್ಲಿದ್ದ ಕಾರಖಾನೆಯ ಖರ್ಚು ಕಡಿಯುವ ಒಂದೇ ಧೋರಣೆ ಬಹುಮಟ್ಟಿಗೆ ಅವುಗಳನ್ನೆಲ್ಲ ತಟ್ಟಿತ್ತು. ಸಮಾನ ಕಾರಣವೆಂದರೆ ಇದು.

೧೯೮೧ರ ಡಿಸೆಂಬರಿನಲ್ಲಿಯೇ ಅದೇ ಕಾರಖಾನೆಯಲ್ಲಿ ವಿಷಾನಿಲಕ್ಕೆ ಕಾರ್ಮಿಕನೊಬ್ಬ ಬಲಿಯಾಗಿದ್ದ. ಅಲ್ಲಿಯ ಕಾರ್ಮಿಕರು ಅಪಾಯದ ಬಗ್ಗೆ ಕೂಗಿ ಹೇಳಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ೧೯೮೭ರಲ್ಲಿ ನಮ್ಮ ಕಾರಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕರ ಕಾರಖಾನೆಗಳಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಪಾಲಿರುವ ಸುರಕ್ಷಾ ಸಮಿತಿ, ಅಪಾಯ ಕಂಡಾಗ ಎಚ್ಚರಿಸುವ ಕಾರ್ಮಿಕರ ಹಕ್ಕು ಮೊದಲಾದವು ಬರವಣಿಗೆಗೆ ಬಂದವು.

ಅಂಕಿಗಳ ಮೇಲೆ ಅತಿ ನಂಬಿಕೆ ಬೇಡ

ಇಷ್ಟಾದರೂ ದೋಷವೃಕ್ಷವು ಸರ್ವಜ್ಞನಲ್ಲ. ಬರೆಯುವವನ ತಲೆಗೆ ಹೊಳೆಯದ ದೋಷ ಮರದಲ್ಲಿ ಬರುವುದೇ ಇಲ್ಲ. ರಾಸ್ಮುಸೆನ್ ವರದಿಯನ್ನು ೧೯೭೮ರಲ್ಲಿ ಪರೀಕ್ಷಿಸಿದ ಲೂಯಿಸ್ ಸಮಿತಿಯು, ವಿಧಾನ ಒಳ್ಳೆಯದೇ, ಆದರೆ ಅಂಕಿಗಳಲ್ಲಿರುವ ಅನಿಶ್ಚಿತತೆಯನ್ನು ವರದಿ ಬಹಳ ಕಡಿಮೆ ಮಾಡಿ ಹೇಳಿದೆ ಎಂದಿತು. ಮರುವರ್ಷ ಮಾರ್ಚ್ ೨೮ರಂದು ತ್ರೀ ಮೈಲ್ ಐಲೆಂಡಿನ ಅಣುಸ್ಥಾವರದಲ್ಲಿ ವಾಲ್ವೊಂದು ತೆರೆದೇ ಉಳಿಯಿತು. ಫಲಕದ ಮೇಲಿನ ದೀಪವಾದರೋ ವಾಲ್ವಿಗೆ "ಮುಚ್ಚು" ಎಂಬ ಆಜ್ಞೆ ಹೋದದ್ದನ್ನು ತೋರಿಸುತ್ತಿತ್ತೇ ಹೊರತು, ಅದು ಮುಚ್ಚಿತೋ ಇಲ್ಲವೋ ಎಂಬುದನ್ನು ತೋರಿಸುತ್ತಿರಲಿಲ್ಲ. ಪಾಳಿಯವರು ದೀಪವನ್ನು ನಂಬಿದರು. ಸ್ಥಾವರದ ಗರ್ಭ ಅರ್ಧದಷ್ಟು ಕರಗಿತು. ದೀಪ ಹೀಗೆ ಸುಳ್ಳು ಹೇಳೀತೆಂಬುದು ದಿನಾಲು ಅದರ ಮುಂದೆ ಕುಳಿತವನಿಗೆ ಹೊಳೆಯುವಷ್ಟು ಬೇಗ ದೂರದ ಕಚೇರಿಯಲ್ಲಿ ಮರ ಬರೆಯುವವನಿಗೆ ಹೊಳೆಯಲಾರದು. ಆದ್ದರಿಂದ ಮರ ಬರೆಯುವಾಗ ಯಂತ್ರದ ಪಕ್ಕದಲ್ಲಿ ನಿಲ್ಲುವವರನ್ನು ಕೂಡಿಸಿಕೊಳ್ಳಬೇಕೆಂಬುದು ಉಪಕಾರದ ಮಾತಲ್ಲ, ಲೆಕ್ಕ ಸರಿಬರಬೇಕಾದರೆ ಅದು ಬೇಕೇ ಬೇಕು.

ನಾವು ಕೇಳಬೇಕಾದದ್ದು

ಗಿರಣಿಗಳ ಕಾಲ ಮುಗಿಯಿತು. ನಮ್ಮವರ ಮಕ್ಕಳು ಇಂದು ತಳೋಜಾ, ತಾರಾಪುರಗಳಂಥ ಕಡೆ ರಾಸಾಯನಿಕ ಕಾರಖಾನೆಗಳಲ್ಲಿ, ಎತ್ತರದ ಕಟ್ಟಡಗಳ ಲಿಫ್ಟು, ಪಂಪುಗಳ ಮೇಲೆ, ಹೋಟೆಲಿನ ಅಡಿಗೆಮನೆಗಳ ಗ್ಯಾಸಿನ ನಡುವೆ ದುಡಿಯುತ್ತಾರೆ. ಬಹಳ ಜನ ಗುತ್ತಿಗೆಯ ಮೇಲೆ. ಅವರೆಲ್ಲ ತಮ್ಮ ತಮ್ಮ ಕಡೆ ನಾಲ್ಕು ಪ್ರಶ್ನೆ ಕೇಳಲು ಕಲಿಯಬೇಕು. ಒಂದು: ಇಲ್ಲಿ ಒಂದೇ ಎಲೆಯ ಕಿರುಕೂಟ ಯಾವುದಾದರೂ ಇದೆಯೇ? ಎರಡು: ಎರಡು ಎಂದು ತೋರಿಸುವ ಕಾವಲುಗಳು ನಿಜವಾಗಿ ಎರಡೋ, ಒಂದೇ ತಂತಿಗೆ ಕಟ್ಟಿದವೋ? ಮೂರು: ಕಾಯುತ್ತ ಕುಳಿತ ಸಾಧನವನ್ನು ಕೊನೆಯ ಸಲ ಪರೀಕ್ಷಿಸಿದ ತಾರೀಖು ಯಾವುದು? ನಾಲ್ಕು: ದುರಸ್ತಿಗೆಂದು ಬಿಚ್ಚಿಟ್ಟ ಕಾವಲು ಇನ್ನೂ ಮರದಲ್ಲಿ ಕಾವಲೆಂದೇ ಎಣಿಕೆಯಾಗುತ್ತಿದೆಯೇ?

ಇನ್ನು "ಕಾರ್ಮಿಕನ ಅಜಾಗರೂಕತೆ"ಯ ಮಾತು. ಮನುಷ್ಯನೆಂದ ಮೇಲೆ ಕೈ ತಪ್ಪುತ್ತದೆ. ಎರಡನೆಯ ಪಾಳಿಯನ್ನೂ ಹೊತ್ತವನದು ಇನ್ನಷ್ಟು ತಪ್ಪುತ್ತದೆ. ಅದೂ ಮರದ ಒಂದು ಎಲೆಯೇ, ಅಲ್ಲವೆನ್ನುವುದಿಲ್ಲ. ಆದರೆ ಒಬ್ಬನ ಒಂದು ಕೈತಪ್ಪಿನಿಂದಲೇ ಹತ್ತು ಜನ ಸತ್ತರೆಂದರೆ, ಆ ಕೈಯ ಮತ್ತು ಆ ಸಾವುಗಳ ನಡುವೆ 'ಮತ್ತು' ಬಾಗಿಲೇ ಇರಲಿಲ್ಲವೆಂದು ಅರ್ಥ. ಬಾಗಿಲು ಇಡಬೇಕಾದವರು ಯಾರು, ಇಟ್ಟದ್ದನ್ನು ತೆಗೆದವರು ಯಾರು ಎಂಬ ಪ್ರಶ್ನೆಯನ್ನು ವಿಚಾರಣೆಯಲ್ಲಿ ಎತ್ತುವುದು ನಮ್ಮ ಪ್ರತಿನಿಧಿಗಳ ಕರ್ತವ್ಯ. ಕೂಗಾಡಿ ಕೇಳುವುದಕ್ಕಿಂತ ಮರ ಬರೆದು ಮುಂದಿಟ್ಟು ಕೇಳಿದರೆ ಉತ್ತರ ಹೇಳದೆ ಅವರಿಗೆ ಗತ್ಯಂತರವಿರುವುದಿಲ್ಲ.

ನಮ್ಮ ರಾತ್ರಿಶಾಲೆಯ ಲೆಕ್ಕದ ಮಾಸ್ತರರು ಒಪ್ಪಿದರೆ, ಬರುವ ತಿಂಗಳಿನಿಂದ ವಾರಕ್ಕೊಂದು ತಾಸು ಇದನ್ನೇ ಹಲಗೆಯ ಮೇಲೆ ಬರೆದು ಕಲಿಯೋಣ. ಬರುವವರು ತಾವು ದುಡಿಯುವ ಸ್ಥಳದ ಒಂದು ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿರಿ.